ಉಗುರಿನೆತ್ತರದ ಜನ

ಬೆಳಿಗ್ಗೆ ಎದ್ದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಲ್ಲುಜ್ಜುತ್ತಲೇ ಮುಂದಿನ ಕೋಣೆಗೆ ಬಂದು ಮೇಜಿನ ಮೇಲಿನ ಬಿಳಿ ಬಟ್ಟೆಯ ತುದಿ ಎತ್ತಿ ನೋಡಿದ, ಮುಚ್ಚಿದ, ಬಚ್ಚಲಿನ ತನಕ ಹೋಗಿ ಮತ್ತೆ ಬಂದು ನೋಡಿದ. ಬಾಯಲ್ಲಿನ ನೊರೆ ಎಲ್ಲಿ ಬಟ್ಟೆಯ ಮೇಲೆ ಬಿದ್ದೀತೋ ಎಂದು ಗದ್ದ ಮೇಲಕ್ಕೆತ್ತಿಕೊಂಡು ಓಡುವಾಗ, ನಲವತ್ತು ದಾಟಿದ ಗಂಡಸು ಮಾಡುವ ಕೆಲಸವೇ ಇದು ಎಂದು ತನಗೇ ನಗು ಬಂತು. ಬಟ್ಟೆಯ ಕೆಳಗೆ ಅವನ ಬೀದಿಯೇ ಇತ್ತು. ಈಗ ಇರುವ ಬೀದಿಯಲ್ಲ, ಇನ್ನು ಮೇಲೆ ಆಗಬೇಕಾದ ಬೀದಿ. ನಡುವೆ ಹೊಸ ರೈಲಿನ ನಿಲ್ದಾಣ, ಅದಕ್ಕೆ ಅಂಟಿಕೊಂಡಂತೆ ಅಂಗಡಿಗಳ ಸಾಲು, ಅಂಗಡಿಗಳ ತಲೆಯ ಮೇಲೆ ಎರಡು ಅಂತಸ್ತು ಕಚೇರಿ, ದವಾಖಾನೆ, ಓದುವ ಕೋಣೆ, ಅದರ ಮೇಲೆ ಮನೆಗಳು, ಮನೆಗಳ ಮೇಲೆ ಗಿಡ ಬೆಳೆಸುವ ತಾರಸಿ. ರೈಲಿಳಿದವನು ಅಲ್ಲೇ ತರಕಾರಿ ಕೊಂಡು, ಅಲ್ಲೇ ಔಷಧಿ ಕೊಂಡು, ಮಳೆ ಬಿಸಿಲು ಸೋಕದೆ ಲಿಫ್ಟು ಹತ್ತಿ ಮನೆ ಸೇರಬಹುದು. ಡಿಸೈನ್ ಆಫೀಸಿನ ಮೇಡಂ ಇದನ್ನು ಕಾಗದದ ಮೇಲೆ ಬರೆದಿದ್ದರು. ರಟ್ಟು, ತೆಳುಮರ, ಪ್ಲಾಸ್ಟಿಕ್ ಹಾಳೆ, ಅಂಟು ಹಿಡಿದು ಒಂದಕ್ಕೆ ನೂರರ ಅಳತೆಯಲ್ಲಿ ಕಟ್ಟಿ ನಿಲ್ಲಿಸಿದವನು ಅವನು. ಕಸುಬೇ ಅದು. ಕಂಡವರ ಊರುಗಳನ್ನೆಲ್ಲ ಹೀಗೆ ಮೇಜಿನ ಮೇಲೆ ಕಟ್ಟಿ ಕಳಿಸಿದ್ದಾನೆ, ಒಂದರಲ್ಲೂ ಕಾಲಿಟ್ಟವನಲ್ಲ. ಈ ಸಲ ಮಾತ್ರ ತಾನು ಹುಟ್ಟಿ ಬೆಳೆದ ಬೀದಿಯೇ ಕೈಗೆ ಬಂದಾಗ ಅವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಆ ಹುಚ್ಚಿನಲ್ಲೇ ಒಂದು ತಪ್ಪು ಮಾಡಿದ್ದ, ಅದೂ ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ಮಾದರಿಯಲ್ಲಿ ನಿಲ್ಲಿಸುವ ಜನ ಯಾರೂ ಆಗಿರಬಾರದು. ಪೊಟ್ಟಣದಲ್ಲಿ ಬರುತ್ತಾರೆ, ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಬಿಳೀ ಪ್ಲಾಸ್ಟಿಕ್ಕಿನವರು, ಕಣ್ಣಿಲ್ಲ ಮೂಗಿಲ್ಲ. ಎಲ್ಲ ಮುಗಿದ ಮೇಲೆ ಅಲ್ಲೊಬ್ಬ ಇಲ್ಲೊಬ್ಬರನ್ನು ಚೆಲ್ಲಿಬಿಟ್ಟರೆ ಆಯಿತು. ನೋಡುವವನು ಕಟ್ಟಡ ನೋಡಬೇಕು, ಜನರನ್ನಲ್ಲ. ಇಪ್ಪತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದವನು ಹೋದ ತಿಂಗಳು ಒಂದು ಮಧ್ಯಾಹ್ನ ಸುಮ್ಮನೆ ಕೂರಲಾರದೆ ಒಂದು ಗೊಂಬೆಯ ಬೆನ್ನು ಬಗ್ಗಿಸಿ, ಕೈಗೊಂದು ಕಡ್ಡಿ ಅಂಟಿಸಿ, ತಲೆಗೆ ಬೂದಿ ಬಣ್ಣ ಹಚ್ಚಿ ಹಣ್ಣಿನಂಗಡಿಯ ಮುಂದೆ ನಿಲ್ಲಿಸಿದ. ಅಯ್ಯೋ, ಹಣ್ಣಿನಂಗಡಿ ಅಜ್ಜಿಯೇ! ಅವಳ ಸಿಡುಕು ಕೂಡ ಬಂದುಬಿಟ್ಟಿತ್ತು. ಆಮೇಲೆ ಕೈ ನಿಲ್ಲಲಿಲ್ಲ. ಔಷಧಿ ಅಂಗಡಿಯವನ ಹೊಟ್ಟೆ, ಗಡಿಯಾರ ರಿಪೇರಿ ಮೇಷ್ಟ್ರ ಬಕ್ಕತಲೆ, ಎದುರು ಮನೆಯ ನಿವೃತ್ತ ಡ್ರೈವರನ ಕೆಂಪು ಮಫ್ಲರು, ಅವನ ಹೆಂಡತಿಯ ನೀಲಿ ಕೊಡೆ. ಒಬ್ಬೊಬ್ಬರನ್ನೂ ಚಿಮಟದ ತುದಿಯಲ್ಲಿ ಹಿಡಿದು, ಉಸಿರು ಕಟ್ಟಿ, ಇವರಿಗೆ ಎಲ್ಲಿ ಚೆಂದ ಎಂದು ಯೋಚಿಸಿ ನಿಲ್ಲಿಸುವಾಗ ಆಗುತ್ತಿದ್ದ ಸಂತೋಷವನ್ನು ಯಾರಿಗೆ ಹೇಳುವುದು. ದೇವರು ಸೃಷ್ಟಿಯ ದಿನ ಹೀಗೇ ಹಲ್ಲುಜ್ಜುತ್ತಲೇ ಓಡಾಡಿರಬೇಕು. ನಾಲ್ಕನೇ ಮಹಡಿಯ ಪುಟ್ಟದೊಂದು ಬಾಲ್ಕನಿಯಲ್ಲಿ ತನ್ನನ್ನೂ ಹೆಂಡತಿಯನ್ನೂ ನಿಲ್ಲಿಸಿದ. ನಿಂತೇ ಇದ್ದರೆ ಕಾಲು ನೋಯುವುದಿಲ್ಲವೇ ಎಂದು ಹಿಂದೆ ಎರಡು ಕುರ್ಚಿ ಮಾಡಿಟ್ಟ. ಎರಡೇ.

ಅಕ್ಕನನ್ನು ಮಾತ್ರ ಮಾಡಿರಲಿಲ್ಲ.

ಮಾಡಲು ಕೂತಿರಲಿಲ್ಲ ಅಂತಲ್ಲ. ಕೂತಾಗಲೆಲ್ಲ ಕೈ ಸರಿಯಾಗೇ ಶುರು ಮಾಡುತ್ತಿತ್ತು. ಕುತ್ತಿಗೆಯಿಂದ ಇಳಿಬಿದ್ದ ಅಳತೆ ಟೇಪು, ಹೊಲಿಗೆ ಮೆಷಿನ್ನಿನ ಮೇಲೆ ಬಾಗಿದ ಬೆನ್ನು, ಇದರಲ್ಲಿ ಕಷ್ಟ ಏನಿದೆ. ಆದರೆ ಮಾಡಿದ ಮೇಲೆ ಇಡಬೇಕಲ್ಲ, ಎಲ್ಲಿ ಇಡುವುದು? ಮೂಲೆಯ ಈ ಮನೆ ಅಕ್ಕನ ಹೆಸರಿನಲ್ಲಿದೆ. ಮೂಲೆ ಮನೆಯವರಿಗೆ ಹೊಸ ಕಟ್ಟಡದಲ್ಲಿ ದೊಡ್ಡ ಮನೆ ಒಂದು, ಇಲ್ಲವೇ ಚಿಕ್ಕ ಮನೆ ಎರಡು, ಯಾವುದು ಬೇಕೋ ಅದು ಎಂದು ಮೇಡಂ ಹೇಳಿದ ದಿನವೇ ಅವನ ತಲೆಯಲ್ಲಿ ಎರಡು ಚಿಕ್ಕ ಮನೆ ಎದ್ದು ನಿಂತಿದ್ದವು. ಒಂದರಲ್ಲಿ ತಾನು, ಹೆಂಡತಿ. ಇನ್ನೊಂದರಲ್ಲಿ... ಅಲ್ಲಿಗೆ ಬಂದಾಗ ಚಿಮಟ ಕೆಳಗಿಟ್ಟು ಎದ್ದುಬಿಡುತ್ತಿದ್ದ. ಅಪ್ಪ ಅಮ್ಮ ಹೋದಾಗ ಅವನಿಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಇದೇ ಮೆಷಿನ್ನಿನ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಮೇಲೆ, ಅಕ್ಕನ ಪಾದ ತುಳಿಯುವ ಸದ್ದು ಕೇಳುತ್ತ ನಿದ್ದೆ ಹೋದವನು ಅವನು. ಕತ್ತರಿ ಹಿಡಿಯಲು ಕಲಿಸಿದವಳು, ಮದುವೆ ಮಾಡಿಸಿದವಳು, ತಾನು ಮದುವೆಯ ಮಾತೆತ್ತದೆ ಉಳಿದವಳು. ಅವಳ ಮುಂದೆ ನಿಂತು, ಅಕ್ಕ, ಇನ್ನು ಮೇಲೆ ನೀನು ಬೇರೆ ಇರು ಎನ್ನುವುದು ಹೇಗೆ? ನಾಲಿಗೆ ಬಿದ್ದು ಹೋದೀತು. ಆದರೂ ತಿಂಗಳಿಂದ ಹೇಳುವ ಮಾತನ್ನೂ, ಅವಳು ಕಣ್ಣೀರು ಹಾಕಿದರೆ ಮಾಡಬೇಕಾದ ಸಮಾಧಾನವನ್ನೂ, ಬೈದರೆ ತಲೆ ತಗ್ಗಿಸಬೇಕಾದ ಭಂಗಿಯನ್ನೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ದಿನಾ ಭಾನುವಾರ ಬಂದು ಹೋಗ್ತೀವಿ ಅಕ್ಕ. ದಿನಾ ಭಾನುವಾರ! ಗಾಬರಿಯಲ್ಲಿ ವಾರಕ್ಕೆ ಏಳು ಭಾನುವಾರ ಮಾಡಿಕೊಂಡಿದ್ದ ಪುಣ್ಯಾತ್ಮ.

ಮುಖ ಒರೆಸಿಕೊಂಡು ಮನೆಗೆ ಅಂಟಿದ ಹೊಲಿಗೆ ಅಂಗಡಿಯ ಕಡೆ ಇಣುಕಿದ. ಅಕ್ಕ ರಸ್ತೆಗೆ ಬೆನ್ನು ಹಾಕಿ ಶರ್ಟಿನ ಕಾಲರು ಹೊಲಿಯುತ್ತಿದ್ದಳು. ಗೋಡೆಯ ಕಡೆಗೇ ಮುಖ, ಯಾವತ್ತೂ. ಬೆಳಕು ಹೆಗಲ ಮೇಲಿಂದ ಬಂದರೆ ಸೂಜಿಗೆ ಒಳ್ಳೆಯದಂತೆ. ಅವನು ಆ ಬೆನ್ನನ್ನು ನೂರರಿಂದ ಭಾಗಿಸಿದ. ಕಸುಬಿನ ಚಟ, ಯಾರನ್ನು ಕಂಡರೂ ಚಿಮಟಕ್ಕೆ ಸಿಗುವಷ್ಟಾಗಿಸಿ ನೋಡುವುದು.

"ಅಕ್ಕ, ಹನ್ನೊಂದಕ್ಕೆ ಮೀಟಿಂಗು."

"ಗೊತ್ತು."

"ಬರ್ತೀಯಲ್ಲ?"

"ಇದೊಂದು ಕಾಲರ್ ಮುಗೀಲಿ."

"ಎಲ್ಲರೂ ಬರಲೇಬೇಕಂತೆ. ಒಬ್ಬರೂ ಬಿಡದ ಹಾಗೆ ಕೈ ಎತ್ತಬೇಕಂತೆ. ಒಂದು ಕೈ ಕಡಿಮೆ ಆದ್ರೂ ನಮ್ಮ ಬೀದಿ ಬಿಟ್ಟು ಮುಂದಿನ ಸ್ಟೇಷನ್ ಹತ್ರ ಕಟ್ತಾರಂತೆ."

"ಅದನ್ನ ನಾಲ್ಕು ದಿನದಿಂದ ಹೇಳ್ತಿದೀಯ."

ಅಷ್ಟರಲ್ಲಿ ಪರೀಕ್ಷೆಯ ರೈಲು ಬಂತು. ಇನ್ನೂ ಜನರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಕಂಬಗಳ ಮೇಲಿನ ಹಳಿಯಲ್ಲಿ ದಿನಕ್ಕೆ ಕೆಲವು ಬಾರಿ ಖಾಲಿಯಾಗೇ ಓಡಿ ನೋಡುತ್ತಿತ್ತು. ಗಾಜಿನ ಲೋಟಗಳು ಕಪಾಟಿನಲ್ಲಿ ಕಿಣಿಕಿಣಿ ಅಂದವು. ಅಕ್ಕನ ಮೆಷಿನ್ನು ನಿಂತಿತು. ರೈಲಿನ ಸದ್ದು ಪೂರಾ ಅಡಗುವ ತನಕ ಅವಳ ಕೈ ಚಕ್ರದ ಮೇಲೆ ಹಾಗೇ ಇತ್ತು, ಆಮೇಲೆ ಮತ್ತೆ ಟಕಟಕ ಶುರುವಾಯಿತು. ರೈಲು ಬಂದಾಗಲೆಲ್ಲ ಅವಳು ಹೀಗೆ ನಿಲ್ಲಿಸುವುದನ್ನು ಅವನು ಗಮನಿಸಿದ್ದ. ಸಿಟ್ಟು. ಇನ್ನೇನು? ಬೀದಿಯವರಿಗೂ ಇದೇ ಭಯ. ಗಡಿಯಾರದ ಮೇಷ್ಟ್ರು ನಿನ್ನೆ ಅವನ ಹೆಗಲ ಮೇಲೆ ಕೈ ಹಾಕಿ, "ನಿಮ್ಮಕ್ಕ ಬಾಯೇ ಬಿಡ್ತಿಲ್ಲವಲ್ಲಯ್ಯಾ, ಎಲ್ಲರ ಕೈಯೂ ಮೇಲೆ ಹೋಗಿ ಅವಳದೊಂದು ಕೆಳಗಿದ್ರೆ ನಾವೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ" ಅಂದಿದ್ದರು. ಅವನು ಹೆಂಗಸರಂತೆ ನಕ್ಕು ಜಾರಿಕೊಂಡಿದ್ದ. ಹೆಂಗಸರಂತೆ ಎಂದು ಯಾಕಂದುಕೊಂಡೆ, ನಮ್ಮನೆ ಹೆಂಗಸರು ಹಾಗೆ ನಗುವವರೇ ಅಲ್ಲವಲ್ಲ ಎಂದು ಆಮೇಲೆ ದಾರಿಯುದ್ದಕ್ಕೂ ಪೇಚಾಡಿಕೊಂಡ.

ಅಡುಗೆಮನೆಯಲ್ಲಿ ಹೆಂಡತಿ ಕೆಲಸದ ಬಟ್ಟೆ ತೊಟ್ಟೇ ಚಹಾ ಸೋಸುತ್ತಿದ್ದಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳಿಗೆ ಇವತ್ತು ಅರ್ಧ ದಿನ ರಜೆ. "ಕೇಳಿದ್ರಾ?" ಅಂದಳು, ತುಟಿಯಷ್ಟೇ ಅಲ್ಲಾಡಿಸಿ. ಅವನು ತಲೆ ಅಡ್ಡಡ್ಡ ಆಡಿಸಿದ. "ಇನ್ಯಾವಾಗ ರೀ? ಕಟ್ಟಿ, ಬಣ್ಣ ಹಚ್ಚಿ, ಬಾಗಿಲು ಇಟ್ಟ ಮೇಲಾ?" ಸಿಟ್ಟಿನ ಮಾತೇ, ಆದರೆ ಅವಳ ಕಣ್ಣು ಹೊಳೆಯುತ್ತಿತ್ತು. ಎರಡು ಕುರ್ಚಿಯನ್ನು ಅವಳು ಮೊದಲು ನೋಡಿದ ದಿನ ಸಂಜೆಯೆಲ್ಲ ಏನೋ ಗುನುಗಿಕೊಂಡು ಓಡಾಡಿದ್ದಳು. ಮದುವೆಯಾದ ಮೇಲೆ ಅವಳು ಹಾಡುವುದನ್ನು ಅವನು ಕೇಳಿದ್ದೇ ಅವತ್ತು. ಈ ಮನೆಯಲ್ಲಿ ಗಂಡ ಹೆಂಡಿರ ಜಗಳವೂ ಪಿಸುಮಾತಿನಲ್ಲೇ ನಡೆಯಬೇಕು. ಕೂಗಾಡಿ ಜಗಳ ಆಡುವಂಥ ಒಂದು ಮನೆ ಬೇಕು ಎಂದು ಅವಳು ಒಮ್ಮೆ ಅಂದಿದ್ದಳು, ಅವನಿಗೆ ಅದಕ್ಕಿಂತ ಪ್ರೀತಿಯ ಮಾತು ಯಾರೂ ಆಡಿರಲಿಲ್ಲ. ಅವನು ಚಹಾ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ. ಹೊರಗೆ ವ್ಯಾನು ಹಾರ್ನು ಹೊಡೆಯಿತು.

ಬೀದಿ ಚಿಕ್ಕದು, ಮೀಟಿಂಗು ನಡೆಯುವ ಶಾಲೆಯ ಹಾಲು ಆ ತುದಿಯಲ್ಲಿ. ನಡೆದರೆ ಐದು ನಿಮಿಷ. ಮಾದರಿಯನ್ನು ಮಾತ್ರ ಎತ್ತಿಕೊಂಡು ನಡೆಯಲಾಗುವುದಿಲ್ಲ, ಬಾಗಿಲಿನಷ್ಟು ಉದ್ದ ಅದು. ವ್ಯಾನಿನ ಹಿಂಭಾಗದಲ್ಲಿ ಅವನು ಕುಕ್ಕರುಗಾಲಲ್ಲಿ ಕೂತು ಎರಡೂ ತೋಳು ಚಾಚಿ ಕಟ್ಟಡಗಳನ್ನು ಅಪ್ಪಿ ಹಿಡಿದ. "ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರಲ್ಲಣ್ಣ" ಎಂದು ವ್ಯಾನಿನವನು ನಕ್ಕ. "ನೀನು ಮೊದಲು ಗುಂಡಿ ತಪ್ಪಿಸು ಮಾರಾಯ!" ಬಟ್ಟೆಯ ಒಳಗೆ ಪುಟ್ಟ ಜನ ನಡುಗುತ್ತಿರಬೇಕು, ಔಷಧಿ ಅಂಗಡಿಯವನ ಹೊಟ್ಟೆ ಕುಲುಕುತ್ತಿರಬೇಕು. ತೆರೆದ ಹಿಂಬಾಗಿಲಿನಲ್ಲಿ ನಿಜವಾದ ಬೀದಿ ಹಿಂದಕ್ಕೆ ಸರಿಯುತ್ತಿತ್ತು: ಬಣ್ಣ ಸುಲಿದ ಗೋಡೆ, ಒಣಗಿಹಾಕಿದ ಚಾದರ, ಕಂಬದ ನೆರಳಿನಲ್ಲಿ ಸ್ಕೂಟರುಗಳ ಗುಂಪು, ಆ ಸ್ಕೂಟರುಗಳ ಸಂದಿಯಲ್ಲಿ ಪಕ್ಕ ತಿರುಗಿ ನುಸುಳುತ್ತಿದ್ದ ಗರ್ಭಿಣಿ. ಅವಳಿಗೊಂದು ಅಗಲವಾದ ಕಾಲುದಾರಿ ಕೊಡುತ್ತೇನೆ, ತಡೆ, ಎರಡು ವರ್ಷ ತಡೆ ತಾಯಿ ಎಂದು ಮನಸ್ಸು ಕೂಗಿತು. ಎಲ್ಲರಿಗೂ ಏನಾದರೂ ಕೊಡಬೇಕು ಅನ್ನಿಸುತ್ತಿತ್ತು, ಅಳು ಬರುವಷ್ಟು. ಹೊರಡುವಾಗ ಅಕ್ಕನ ಅಂಗಡಿಯ ಮುಂದೆ ಮಾತ್ರ ಅವನ ತಲೆ ತಾನಾಗಿ ತಗ್ಗಿತ್ತು. ಅವಳ ಬೆನ್ನು ಹಾಗೇ ಇತ್ತು. ಅಕ್ಕ ಒಪ್ಪದಿದ್ದರೆ ಇದಿಷ್ಟೂ ರಟ್ಟು. ಅಕ್ಕ ಒಪ್ಪಿದರೆ, ಒಪ್ಪಿ ಜೊತೆಗೇ ಇರೋಣ ಎಂದರೆ? ದೊಡ್ಡ ಮನೆ ಒಂದು, ಅದೇ ಪಿಸುಮಾತು. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಛೀ, ಎಂಥ ತಮ್ಮ ನಾನು ಅಂದುಕೊಳ್ಳುತ್ತಲೇ ಎದೆ ಮಾತ್ರ ಖುಷಿಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು.

ಹಾಲಿನಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ಬೆಂಚುಗಳು ಸಾಲದೆ ಕಿಟಕಿ ಕಟ್ಟೆಯ ಮೇಲೂ ಕೂತಿದ್ದರು. ಮೇಡಂ ಚುರುಕು ಹೆಂಗಸು, ಸಣ್ಣ ಕೂದಲು, ಕೈಯಲ್ಲಿ ಸದಾ ಒಂದು ಪೆನ್ನು. ಮುಂದೆ ನಿಂತು ನಾಲ್ಕು ಮಾತು ಹೇಳಿದರು: ರೈಲು ಬಂದ ಕಡೆ ಊರು ಎತ್ತರಕ್ಕೆ ಬೆಳೆಯಬೇಕು, ಅಗಲಕ್ಕಲ್ಲ, ಮನೆ, ಅಂಗಡಿ, ಕೆಲಸ ಒಂದರ ಪಕ್ಕ ಒಂದಿರಬೇಕು, ಈಗ ಇರುವವರು ಯಾರೂ ಬೀದಿ ಬಿಟ್ಟು ಹೋಗಬಾರದು. ಹೇಳಿ, ಅವನ ಕಡೆ ಕತ್ತು ಆಡಿಸಿದರು. ಅವನು ಬಟ್ಟೆ ಎಳೆದ.

ಜನ ಬೆಂಚು ಬಿಟ್ಟೆದ್ದು ಸುತ್ತ ನೆರೆದರು, ಕತ್ತು ಚಾಚಿದರು. ಆಮೇಲೆ ಹಣ್ಣಿನಂಗಡಿ ಅಜ್ಜಿ ಕಿರಿಚಿದಳು, "ಅಯ್ಯೋ ನಾನು! ನೋಡ್ರೇ, ನಾನಲ್ವಾ ಇದು!" ಅಲ್ಲಿಂದ ಮುಂದೆ ಹಾಲಿಗೆ ಬೆಂಕಿ ಬಿದ್ದಂತಾಯಿತು. ಇದು ನೀನು, ಅದು ನಾನು, ಏಯ್ ಮೇಷ್ಟ್ರ ತಲೆ ನೋಡೋ ಹೆಂಗೆ ಹೊಳೀತಿದೆ. "ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯೇನಯ್ಯಾ?" ಎಂದು ಔಷಧಿ ಅಂಗಡಿಯವನು ಕೇಳಿದಾಗ ಎಲ್ಲರೂ ಒಟ್ಟಿಗೆ "ಇದೆ!" ಅಂದರು. ಮೇಡಂ ಮುಖ ಮಾತ್ರ ಕೆಂಪಗಾಗಿತ್ತು. ಅವನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ, "ಏನ್ರೀ ಮಾಡಿಟ್ಟಿದೀರಿ? ಬಿಳೀ ಜನ ಅಂತ ತಾನೇ ಹೇಳಿದ್ದು? ಈಗ ನೋಡಿ ಮಜಾ" ಅಂದರು.

ಮಜಾ ಅದಾಗಲೇ ಶುರುವಾಗಿತ್ತು. ಯಾರು ಮೊದಲು ಅಂದರೋ, ಗೊಂಬೆ ನಿಂತ ಕಡೆಯೇ ಅವರವರ ಮನೆ ಎಂದು ಜನ ತಿಳಿದುಕೊಂಡುಬಿಟ್ಟಿದ್ದರು. ನಿವೃತ್ತ ಡ್ರೈವರನ ಮುಖ ಇಷ್ಟುದ್ದವಾಯಿತು. "ನನಗ್ಯಾಕೆ ಏಳನೇ ಮಹಡಿ? ಮಂಡಿ ನೋವಿನವನಿಗೆ ಏಳನೇ ಮಹಡಿ ಕೊಟ್ಟು ಸೇಡು ತೀರಿಸ್ಕೊಳ್ತಿದೀಯಾ?" ಅವನ ಹೆಂಡತಿ ಕೆಳಗೆ ಅಂಗಡಿ ಸಾಲಿನಲ್ಲಿ ಕೊಡೆ ಹಿಡಿದು ನಿಂತಿದ್ದಳು, "ಅಂದ್ರೆ ನಮಗಿಬ್ಬರಿಗೂ ಬೇರೆ ಬೇರೆ ಮನೇನಾ? ಒಳ್ಳೇದೇ ಆಯ್ತು ಬಿಡಿ" ಎಂದಳು. ಜನ ಘೊಳ್ಳೆಂದರು. ಅವನು "ಅಲ್ಲ, ಅದು ಸುಮ್ಮನೆ, ನೋಡೋಕೆ ಚೆಂದ ಅಂತ" ಎಂದು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತಿರುವಾಗ ಹಣ್ಣಿನಂಗಡಿ ಅಜ್ಜಿ ಬಾಗಿ, ಎರಡು ಬೆರಳಲ್ಲಿ ತನ್ನ ಗೊಂಬೆಯನ್ನು ಪಟ್ಟನೆ ಕಿತ್ತು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಇಟ್ಟುಬಿಟ್ಟಳು. "ಜನ ಇಳಿಯೋದು ಇಲ್ಲಿ, ಹಣ್ಣಿಡೋದು ಅಲ್ಲಿ ಮೂಲೇಲಾ? ಯಾರಪ್ಪ ಇದನ್ನ ಬರ್ದಿದ್ದು?" ಅವನ ಜೀವ ಬಾಯಿಗೆ ಬಂತು. ತಿಂಗಳ ಅಂಟು! ಆದರೆ ಆಗಲೇ ಹತ್ತು ಕೈ ಇಳಿದಿದ್ದವು. ಡ್ರೈವರು ಮನೆಗಳು ಶುರುವಾಗುವ ಮೂರನೇ ಮಹಡಿಗೆ ಇಳಿದ, ಲಿಫ್ಟಿನ ಪಕ್ಕಕ್ಕೆ. ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ ಕೊಡೆ ಸಮೇತ ಅವನ ಬಾಗಿಲಿಗೇ ಹತ್ತಿದಳು. ಗಡಿಯಾರದ ಮೇಷ್ಟ್ರು ಮತ್ತು ಔಷಧಿ ಅಂಗಡಿಯವನು ಪಕ್ಕ ಪಕ್ಕದಲ್ಲಿ ನಿಂತರು. ಊಟದ ಹೊತ್ತಿಗೆ ಒಬ್ಬರ ಅಂಗಡಿ ಇನ್ನೊಬ್ಬರು ನೋಡಿಕೊಳ್ಳುವುದು ಅವರ ಹಳೇ ಒಪ್ಪಂದ, ಬರೆದವರಿಗೆ ಅದು ಗೊತ್ತಿರಲಿಲ್ಲ. ಕಚೇರಿಗಳ ಮಧ್ಯೆ ಮಕ್ಕಳನ್ನು ಬಿಡುವ ಜಾಗ ಎಲ್ಲಿ ಎಂದು ಯಾರೋ ಕೇಳಿದರು, ಬಸ್ಸು ಇಲ್ಲೇ ನಿಲ್ಲಲಿ ಎಂದು ಇನ್ಯಾರೋ ಬಳಪದಲ್ಲಿ ರಟ್ಟಿನ ಮೇಲೇ ಗೀಟು ಎಳೆದರು. ತಿರುಗಿ ನೋಡಿದರೆ ಮೇಡಂ ಸಿಟ್ಟು ಮರೆತು ನೆಲದ ಮೇಲೆ ಮಂಡಿಯೂರಿ, ತನ್ನ ದೊಡ್ಡ ನಕ್ಷೆ ಹರಡಿಕೊಂಡು, ಪೆನ್ನಿನಲ್ಲಿ ಒಂದೇ ಸಮನೆ ಅಂಗಡಿಗಳನ್ನು ಸರಿಸುತ್ತಿದ್ದರು. "ಮೆಟ್ಟಿಲ ಹತ್ರ ಇನ್ನೂ ಜಾಗ ಇದೆ ಅಜ್ಜೀ, ನೀವು ಅಲ್ಲೇ ಇರಿ!" ಎಂದು ಕೆಳಗಿನಿಂದಲೇ ಕೂಗಿದರು. ಅವನ ಮೈ ಜುಮ್ಮೆಂದಿತು. ತಾನು ಕಟ್ಟಿದ್ದು ಕಣ್ಣೆದುರೇ ಕೆಡುತ್ತಿತ್ತು, ಇಷ್ಟು ಚೆನ್ನಾಗಿ ಅವನ ಯಾವ ಊರೂ ಕಂಡಿರಲಿಲ್ಲ. ಜನರ ನಡುವೆ ಸಿಕ್ಕಿಕೊಂಡಿದ್ದ ಹೆಂಡತಿ ದೂರದಿಂದಲೇ ಅವನನ್ನು ನೋಡಿ ಬಾಯಿ ತುಂಬ ನಕ್ಕಳು.

"ಅಲ್ಲಯ್ಯಾ," ಅಂದರು ಗಡಿಯಾರದ ಮೇಷ್ಟ್ರು, ಕಣ್ಣಿಗೆ ಕನ್ನಡಕ ಒತ್ತಿಕೊಂಡು, "ಎಲ್ಲರೂ ಇದಾರೆ. ನಿಮ್ಮಕ್ಕ ಎಲ್ಲಿ?"

ಮಾತು ಸಣ್ಣದೇ. ಆದರೆ ಒಂದೊಂದೇ ತಲೆ ಎತ್ತಿ ಅವನ ಕಡೆ ತಿರುಗಿತು. ಮರೆತೆ ಅನ್ನಲೇ? ಅಕ್ಕನನ್ನು ಮರೆಯುವವನೂ ಒಬ್ಬ ತಮ್ಮನೇ? ಮರೆತಿಲ್ಲ ಅನ್ನಲೇ? ಅದು ಇನ್ನೂ ಕೆಟ್ಟದ್ದು. ನಾಲ್ಕನೇ ಮಹಡಿಯ ಎರಡು ಕುರ್ಚಿಗಳು ಬೆತ್ತಲೆ ನಿಂತಂತೆ ಅವನಿಗೆ ಕಂಡವು. ಹಣ್ಣಿನಂಗಡಿ ಅಜ್ಜಿ ಅವನ್ನು ನೋಡಿದಳು, ಅವನನ್ನು ನೋಡಿದಳು, "ಹೂಂ" ಅಂದಳು. ಆ ಹೂಂ ಒಂದು ಮಣ ತೂಕ ಇತ್ತು. ಆಗಲೇ ಬಾಗಿಲಲ್ಲಿ ಅಕ್ಕ. ಯಾವಾಗ ಬಂದಿದ್ದಳೋ, ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು, ತೋಳಿಗೆ ನೂಲಿನ ಎಳೆಗಳು ಅಂಟಿದ್ದವು. ಜನ ದಾರಿ ಬಿಟ್ಟರು. ಅವಳು ಬಂದು ಮೇಜಿನ ಮುಂದೆ ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿದಳು, ಹಾಕಿದ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವ ಹಾಗೆ.

"ಅಕ್ಕ, ನಾನು... ನಿನ್ನದು ಮಾಡಬೇಕು ಅಂತ ಕೂತಿದ್ದೆ, ಆದ್ರೆ..."

"ಚೆನ್ನಾಗಿ ಮಾಡಿದೀಯ ಪುಟ್ಟಾ" ಅಂದಳು. ಇಡೀ ಬೀದಿಯ ಮುಂದೆ, ನಲವತ್ತು ದಾಟಿದವನನ್ನು. ಯಾರೋ ಕಿಸಕ್ಕೆಂದರು. "ಇದು ನೀನು. ಇದು ಅವಳು. ಕುರ್ಚೀನೂ ಮಾಡಿದೀಯ. ಭೇಷ್."

ಅವಳ ದನಿಯಲ್ಲಿ ಕೊಂಕಿದೆಯೇ ಎಂದು ಅವನು ಮೈಯೆಲ್ಲ ಕಿವಿಯಾಗಿ ಹುಡುಕಿದ. ಸಿಗಲಿಲ್ಲ. ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೆ ನುಗ್ಗಿ ಕಲಸಿಹೋದವು. "ಅಕ್ಕ, ನಿನಗೆ ಹೇಗೆ ಬೇಕೋ ಹಾಗೆ. ದೊಡ್ಡ ಮನೆ ಒಂದೇ ತಗೊಳ್ಳೋಣ ಅಂದ್ರೂ ಸರಿ, ನಾವು ಜೊತೇಲೇ..." ಹೆಂಡತಿಯ ನಗು ಆರಿದ್ದು ಅವನಿಗೆ ನೋಡದೆಯೇ ಗೊತ್ತಾಯಿತು.

ಅಕ್ಕ ಕೇಳಿಸಿಕೊಂಡಂತೆ ಕಾಣಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ಇನ್ನೊಂದು ಕಟ್ಟಡದ ತುತ್ತತುದಿಯ ಮೂಲೆ ಬಾಲ್ಕನಿಯ ಮೇಲೆ ತೋರುಬೆರಳು ಇಟ್ಟಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಬಾಲ್ಕನಿ ಪೂರಾ ಅದರ ಕೆಳಗೆ ಮುಚ್ಚಿಹೋಯಿತು. "ಮೇಡಂ, ಇಲ್ಲಿಂದ ರೈಲು ಕಾಣುತ್ತಾ?"

ಮೇಡಂ ನೆಲದಿಂದ ಎದ್ದು ಬಂದರು. "ಎರಡೂ ಕಡೆಯಿಂದ ಬರೋದು ಕಾಣುತ್ತೆ. ಸದ್ದು ಸ್ವಲ್ಪ ಜಾಸ್ತಿ."

"ಸದ್ದು ಬರ್ಲಿ. ಬರ್ಲಿ ಅಂತಾನೇ." ಅಕ್ಕನ ಮುಖ ಹುಡುಗಿಯರ ಮುಖದಂತೆ ಕೆಂಪೇರಿತ್ತು. "ಮೆಷಿನ್ ನಿಲ್ಸಿ ಕೇಳ್ತೀನಿ ದಿನಾ. ಎಲ್ಲಿಗೆ ಹೋಗುತ್ತೆ, ಕೊನೇ ಸ್ಟೇಷನ್ ಯಾವುದು, ಅಲ್ಲಿ ಇಳಿದ್ರೆ ಏನಿದೆ ಅಂತ. ಶುರುವಾದ ದಿನವೇ ಟಿಕೇಟು ತಗೊಂಡು ಕೊನೇ ತನಕ ಹೋಗ್ತೀನಿ. ವಾಪಸ್ಸು ಬಂದು ಲಿಫ್ಟ್ ಹತ್ತಿ ನಮ್ಮನೆಗೆ." ತಡೆದು, "ನನ್ನ ಮನೆಗೆ" ಅಂದಳು.

"ಒಬ್ಬಳೇನಾ ಅಕ್ಕ?" ಅವನ ದನಿ ಅವನಿಗೇ ತೆಳ್ಳಗೆ ಕೇಳಿಸಿತು.

"ಮತ್ತೆ? ಮೂಲೆ ಮನೆಗೆ ಎರಡು ಕೊಡ್ತಾರಂತಲ್ಲ. ನಾನು ಕೇಳೋದು ಹೇಗೆ ಅಂತ ತಿಂಗಳಿಂದ ಒದ್ದಾಡ್ತಿದ್ದೆ ಕಣೋ. ನೀನು ಅಳ್ತೀಯೋ ಏನೋ ಅಂತ." ಜನ ನಕ್ಕರು, ಅವಳೂ ನಕ್ಕಳು, ಆಮೇಲೆ ಯಾರಿಗೂ ಅಲ್ಲ, ಅವನಿಗಷ್ಟೇ ಕೇಳಿಸುವಂತೆ ದನಿ ಇಳಿಸಿದಳು. "ನೀನು ಮದುವೆ ಆದಾಗಿನಿಂದ ನಾನು ಯಾವ ಕೋಣೆಗೂ ಕೆಮ್ಮದೆ ಹೋಗಿಲ್ಲ ಪುಟ್ಟಾ. ಅಡುಗೆಮನೆಗೆ ನೀರಿಗೆ ಹೋಗೋಕೂ ಹೊಸ್ತಿಲಲ್ಲಿ ನಿಂತು ಕೆಮ್ಮಬೇಕು. ಸಾಕಾಗಿದೆ. ಕೆಮ್ಮದೇ ಓಡಾಡ್ಬೇಕು ನಾನು."

ಆ ಕೆಮ್ಮು! ಬಟ್ಟೆಯ ಧೂಳಿನದು ಎಂದುಕೊಂಡಿದ್ದ ಅವನು. ಔಷಧಿ ಅಂಗಡಿಗೆ ಹೋಗಿ ಶೀಷೆಗಟ್ಟಲೆ ಸಿರಪ್ಪು ತಂದುಕೊಟ್ಟಿದ್ದ, ಅವಳು ಅದನ್ನು ಚಕಾರವೆತ್ತದೆ ಕುಡಿದಿದ್ದಳು. ಎದೆಯೊಳಗೆ ಏನೋ ಕುಸಿಯಿತು, ಅದೇ ಉಸಿರಿನಲ್ಲಿ ಒಂದು ಭಾರ ಇಳಿಯಿತು. ಯಾವುದು ಯಾವುದೆಂದು ಬಿಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಬೇಕೆಂದದ್ದು ಕೈಗೆ ಬಂದಿತ್ತು, ಕೇಳದೆಯೇ, ಒಂದು ಹನಿ ಕಣ್ಣೀರಿಲ್ಲದೆ, ನಗುನಗುತ್ತಾ. ಅಲ್ಲ, ಅವಳಿಗೆ ಒಂದಿಷ್ಟೂ ಬೇಜಾರಿಲ್ಲವೇ? ಸುಮ್ಮನೆ ತೋರಿಕೆಗಾದರೂ? ಅಕ್ಕನ ಪಕ್ಕ ಹೆಂಡತಿ ಬಂದು ನಿಂತಿದ್ದಳು, ಇಬ್ಬರೂ ತುತ್ತತುದಿಯ ಬಾಲ್ಕನಿಗೆ ಏನೇನು ಗಿಡ ಎಂದು ಆಗಲೇ ಶುರುಹಚ್ಚಿಕೊಂಡಿದ್ದರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಹೀಗೆ ಒಂದೇ ಸಮನೆ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. "ಬರೋ ಮೊದಲು ಫೋನ್ ಮಾಡಿ ಬನ್ನಿ, ಇಬ್ಬರೂ" ಎಂದು ಅಕ್ಕ ಹೇಳುತ್ತಿದ್ದಳು, "ನಾನು ರೈಲಲ್ಲಿದ್ರೆ?"

ಮೇಡಂ ಚಪ್ಪಾಳೆ ತಟ್ಟಿದರು. "ಸರಿ, ಸರಿ. ಬದಲಾವಣೆ ಎಲ್ಲ ಬರ್ಕೊಂಡಿದೀನಿ. ಈಗ ಒಪ್ಪಿಗೆ ಇರೋರು ಕೈ ಎತ್ತಿ ನೋಡೋಣ."

ಎಲ್ಲರ ಕಣ್ಣೂ ಅಕ್ಕನ ಮೇಲೆ. ಅವಳ ಕೈ ಎಲ್ಲರಿಗಿಂತ ಮೊದಲು ಹೋಯಿತು, ನೆಟ್ಟಗೆ, ನೂಲೆಳೆಗಳ ಸಮೇತ. ಹೋ ಎಂದು ಹಾಲು ಕೂಗಿತು. ಅಜ್ಜಿಯದು, ಮೇಷ್ಟ್ರದು, ಡ್ರೈವರನದು, ಡ್ರೈವರನ ಹೆಂಡತಿಯದು, ಕಿಟಕಿ ಕಟ್ಟೆಯ ಮೇಲಿದ್ದವರದು, ಒಂದರ ಹಿಂದೆ ಒಂದು ಕೈ ಎದ್ದವು. ಮೇಡಂ ಬೆರಳು ಮಾಡಿ ಎಣಿಸುತ್ತ ಬಂದು, ನಿಂತು, ಹುಬ್ಬು ಗಂಟಿಕ್ಕಿದರು.

"ಒಂದು ಕಡಿಮೆ ಇದೆಯಲ್ಲ. ಯಾರದು?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರದೆಂದು ಅವನೂ ಕತ್ತು ತಿರುಗಿಸಿ ಹುಡುಕಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು. ಅವನ ಎರಡೂ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು, ಬೆರಳ ತುದಿ ಬೆಳ್ಳಗಾಗುವಷ್ಟು. ಬಿಡಿಸಿಕೊಳ್ಳಲು ನೋಡಿದ, ಬರಲಿಲ್ಲ. "ಏನಯ್ಯಾ ಇದು, ಮಾಡಿದವನೇ ಒಪ್ಪಲ್ವಾ?" ಎಂದರು ಮೇಷ್ಟ್ರು, ನಗುತ್ತಲೇ, ಆದರೆ ನಗು ಅರ್ಧಕ್ಕೆ ನಿಂತಿತು. ಹೆಂಡತಿಯ ಕಣ್ಣು ಅವನನ್ನು ಬೇಡುತ್ತಿತ್ತು. ಎತ್ತಿದ ಕೈಗಳ ಕಾಡಿನ ನಡುವಿಂದ ಅಕ್ಕ ಅವನನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ಅವನಿಗೂ ತಿಳಿಯಿತು.

"ಎತ್ತೋ" ಅಂದಳು ಮೆಲ್ಲಗೆ, ತನ್ನ ಕೈ ಇಳಿಸದೆ. "ನಾನೇನು ಸತ್ತು ಹೋಗ್ತಿಲ್ಲ. ಒಂಬತ್ತನೇ ಮಹಡಿಗೆ ಹೋಗ್ತಿದೀನಿ."

ಅವನು ಕೈ ಎತ್ತಿದ. ಹಾಲು ಕಿವಿಗಡಚಿಕ್ಕುವಂತೆ ಕೂಗಿತು, ಯಾರೋ ಸಿಳ್ಳೆ ಹೊಡೆದರು, ಬೆನ್ನು ತಟ್ಟಿದರು, ಹಣ್ಣಿನಂಗಡಿ ಅಜ್ಜಿ ಅವನ ಗಲ್ಲ ಹಿಂಡಿದಳು. ಜನ ಕೈ ಇಳಿಸಿ ಮಾತಾಡುತ್ತ ಬಾಗಿಲ ಕಡೆ ನಡೆದರು. ಅವನ ಕೈ ಇನ್ನೂ ಮೇಲೇ ಇತ್ತು.